ಏಥೆನ್ಸಿಗೆ ಹೊರಟವನು ಮಾಟುಂಗದಲ್ಲಿ ಬಡಿಸಿದ್ದು

ಗ್ರೀಸ್ ಹೇಗಿತ್ತು ಎಂದು ಊರಲ್ಲಿ ಯಾರೇ ಕೇಳಿದರೂ ನಾನು ಮಾಟುಂಗದಿಂದ ಶುರುಮಾಡುತ್ತೇನೆ. ನನ್ನ ಹೆಂಡತಿಗೆ ಇದು ಸರಿಬರುವುದಿಲ್ಲ. "ಆರು ತಿಂಗಳು ಏಥೆನ್ಸಿನಲ್ಲಿದ್ದು ಬಂದು ಬೊಂಬಾಯಿ ಚಾಳಿನ ಸುದ್ದಿ ಹೇಳ್ತೀರಲ್ಲ, ಜನ ಏನಂದುಕೊಳ್ತಾರೆ?" ಎಂದು ಗದರುತ್ತಾಳೆ. ಏನಾದರೂ ಅಂದುಕೊಳ್ಳಲಿ. ಏಥೆನ್ಸಿನ ಕಂಬಗಳ ಚಿತ್ರ ಎಲ್ಲರೂ ನೋಡಿದ್ದೀರಿ. ಅವು ಚಿತ್ರದಲ್ಲಿರುವ ಹಾಗೆಯೇ ಇವೆ. ಆದರೆ ಮನುಷ್ಯ ಹೇಗೆ ಮನುಷ್ಯನಾದ ಎಂಬ ಆ ದೇಶದ ಹಳೆಯ ಕಥೆಯನ್ನು ಓದಲೆಂದು ನಾನು ಅಷ್ಟು ದೂರ ಹೊರಟವನು. ಅದು ನನಗೆ ಅರ್ಥವಾದದ್ದು ಮಾತ್ರ ಮಾಟುಂಗದಲ್ಲಿ, ಕೈಯಲ್ಲಿ ಸೌಟು ಹಿಡಿದು, ಬೆವರಿಳಿಸಿಕೊಂಡು ನಿಂತಿದ್ದಾಗ.

ಹಡಗುಕಟ್ಟೆ

ನಾನು ಮೈಸೂರಿನ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿವೇತನ ಸಿಕ್ಕಿತೆಂದು ಗೊತ್ತಾದದ್ದೇ ತಡ, ಸನ್ಮಾನಗಳು ಶುರುವಾದವು. ರೈಲು ಹತ್ತುವ ದಿನ ಕೊರಳಿಗೆ ಹದಿನಾಲ್ಕು ಹಾರ ಬಿದ್ದವು. ಪ್ರಿನ್ಸಿಪಾಲರು ಪ್ಲಾಟ್‌ಫಾರ್ಮಿನ ಮೇಲೆಯೇ ಭಾಷಣ ಮಾಡಿ ಕಣ್ಣೊರೆಸಿಕೊಂಡರು. ನಮ್ಮ ಬೀದಿಯ ದರ್ಜಿ, ಗ್ರೀಸ್ ಎಂದರೆ ಲಂಡನ್ನಿನ ಪಕ್ಕದ ಬೀದಿ ಎಂದು ನಂಬಿ, ಕಂಬಳಿಯಷ್ಟು ದಪ್ಪನೆಯ ಉಣ್ಣೆಯ ಕೋಟು ಹೊಲಿದುಕೊಟ್ಟಿದ್ದ. ಆ ಕೋಟನ್ನು ತೊಟ್ಟು ನಾನು ಬೊಂಬಾಯಿಯ ಬಿಸಿಲಿನಲ್ಲಿ ಹಡಗುಕಟ್ಟೆಗೆ ಹೋಗಿ ನಿಂತಾಗ, ಅಲ್ಲಿನ ಗುಮಾಸ್ತ ನನ್ನ ಟಿಕೇಟು ನೋಡಿ, ಆಮೇಲೆ ಕೋಟು ನೋಡಿ, ಹಡಗಿನ ಇಂಜಿನು ಕೆಟ್ಟಿದೆ, ಒಂದು ವಾರ ಬಿಟ್ಟು ಬನ್ನಿ ಎಂದ.

ಒಂದು ವಾರ! ಹದಿನಾಲ್ಕು ಹಾರ ಹಾಕಿಸಿಕೊಂಡವನು ಅದೇ ರೈಲಿನಲ್ಲಿ ತಿರುಗಿ ಊರಿಗೆ ಹೋದರೆ ಮುಖ ಎಲ್ಲಿಟ್ಟುಕೊಳ್ಳಲಿ? ಆಗ ನೆನಪಾದವರು ಅನಂತ ಭಟ್ಟರು. ಅವರು ಉಡುಪಿಯ ಕಡೆಯವರು. ಮೊದಲು ಮೈಸೂರಿನ ಹೋಟೆಲಿನಲ್ಲಿ ಅಡುಗೆಗಿದ್ದಾಗ ನಾನು ಅವರ ಸಾರಿಗೆ ಮರುಳಾದ ದಿನದ ಗಿರಾಕಿ. ಈಗ ಮಾಟುಂಗದಲ್ಲಿ ಸ್ವಂತದ ಪುಟ್ಟ ಹೋಟೆಲು ಇಟ್ಟಿದ್ದಾರೆ, ಮೇಲೆ, ಒಂದೇ ಗ್ಯಾಲರಿಗೆ ಸಾಲು ಕೋಣೆಗಳಿರುವ ಚಾಳಿನಲ್ಲಿ ಮನೆ ಎಂದು ಕೇಳಿದ್ದೆ.

ಲೋಕಲ್

ನಾನು ಕಂಡ ಮೊದಲ ಪರದೇಶ ಬೊಂಬಾಯಿ. ನಮ್ಮೂರಲ್ಲಿ ಪಕ್ಕದಲ್ಲಿ ಕೂತವರು ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು ಎಂದು ಕೇಳುತ್ತಾರೆ. ಇಲ್ಲಿನ ಲೋಕಲ್ ರೈಲಿನಲ್ಲಿ ಎಲ್ಲಿ ಇಳಿಯುತ್ತೀರಿ ಎಂಬ ಒಂದೇ ಪ್ರಶ್ನೆ. ನನ್ನ ಮುಂದೆ ಜೋತಾಡುತ್ತ ನಿಂತಿದ್ದವನೂ ಅದನ್ನೇ ಕೇಳಿದ. ಯಾರಾದರೂ ವಿಚಾರಿಸಿದರಲ್ಲ ಎಂಬ ಸಂತೋಷಕ್ಕೆ ನಾನು ಏಥೆನ್ಸು, ವಿದ್ಯಾರ್ಥಿವೇತನ, ಕೆಟ್ಟ ಇಂಜಿನು ಎಲ್ಲವನ್ನೂ ಹರಕು ಹಿಂದಿಯಲ್ಲಿ ವಿಸ್ತಾರವಾಗಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಅಂದ್ರೆ ದಾದರ್‌ಗೆ ಮುಂಚೆ ಸೀಟು ಬಿಡಲ್ಲ" ಎಂದು ಹಿಂದಿಯಲ್ಲೇ ತೀರ್ಮಾನಿಸಿ ಬೇರೆ ಬೆಂಚಿನ ಕಡೆ ಹೋದ. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಿಗೆ ತಲೆ ಅಲ್ಲಾಡಿಸಿದರೆ ಸಾಕು, ಎಲ್ಲರೂ ಒಂದೊಂದು ಅಂಗುಲ ಸರಿದು ಜಾಗ ಮಾಡುತ್ತಾರೆ. ಮಾತಿಲ್ಲ, ಉಪಕಾರವಿಲ್ಲ. ನನಗೆ ಇದು ಬಹಳ ಹಿಡಿಸಿತು.

ಭಟ್ಟರು ನನ್ನನ್ನು ಕಂಡು ಕುಣಿದಾಡಿದರು. "ಎಂತ ಮಾರಾಯ್ರೆ, ಕೋಟು ಹಾಕ್ಕೊಂಡು ಕರಡಿ ಬಂದ ಹಾಗೆ ಬಂದಿದ್ದೀರಿ! ಒಂದು ವಾರ ಅಲ್ಲ, ಹಡಗು ಮುಳುಗುವವರೆಗೂ ಇಲ್ಲೇ ಇರಿ."

ಅಡುಗೆಮನೆಯಲ್ಲಿ ಗ್ರೀಸ್

ಮನೆಯಲ್ಲಿ ಭಟ್ಟರು ಮತ್ತು ಅವರ ತಂಗಿ ಕಮಲ, ಇಬ್ಬರೇ. ಕಮಲನಿಗೆ ಇಪ್ಪತ್ತೇಳು ವರ್ಷ. ನಾನು ಹೋದ ವಾರದಲ್ಲೇ, ಶುಕ್ರವಾರ ಯಾವುದೋ ಹಬ್ಬದ ರಜೆಯ ದಿನ, ಮಲಾಡಿನಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಭಟ್ಟರು ನನ್ನನ್ನು ಗ್ಯಾಲರಿಯ ಮೂಲೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಹೇಳಿದರು.

"ಇದಕ್ಕೆ ಮೊದಲು ಬೇರೆ ಎರಡು ಕಡೆಯವರು ಬಂದು ನೋಡಿದ್ರು, ಉಂಡ್ರು, ಹೋದ್ರು. ಒಂದು ಕಾರ್ಡೂ ಬರ್ಲಿಲ್ಲ. ಇದೇ ಕೊನೆ ಅಂತ ಹೇಳಿದ್ದಾಳೆ ಮಾಷ್ಟ್ರೇ. ಇದು ತಪ್ಪಿದ್ರೆ ಮತ್ತೆ ಯಾರ ಮುಂದೆಯೂ ಬಂದು ಕೂರುದಿಲ್ಲ ಅಂತೆ. ಅವಳು ಹೇಳಿದ್ರೆ ಹೇಳಿದ್ದೇ."

ಇನ್ನೊಂದು ತೊಡಕೂ ಇತ್ತು. ಗಂಡಿನ ಅಜ್ಜಿಯೇ ಆ ಮನೆಗೆ ಯಜಮಾನಿ. ಆಕೆ ಹೋಟೆಲಿನ ಅಡುಗೆ ಮುಟ್ಟುವವರಲ್ಲ. ಹೋಟೆಲಿನವರ ಮನೆಯ ಹೆಣ್ಣು ಆಗಬಹುದು, ಹೋಟೆಲಿನ ಒಲೆಯ ಅನ್ನ ಆಗದು! ಹಾಗಾಗಿ ಅಂದಿನ ಅಡುಗೆಯೆಲ್ಲ ಮೇಲಿನ ಮನೆಯಲ್ಲಿ, ಮಡಿಯಲ್ಲಿ, ಕಮಲನ ಕೈಯಲ್ಲೇ ಆಗಬೇಕಿತ್ತು.

ಗುರುವಾರ ಮಧ್ಯಾಹ್ನ ಅವಳು ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ, "ನೀವು ಅಷ್ಟು ದೂರ ಎಂತ ಓದ್ಲಿಕ್ಕೆ ಹೋಗುದು?" ಎಂದು ಕೇಳಿದಳು. ಮೇಷ್ಟ್ರನ್ನು ಇಂಥ ಪ್ರಶ್ನೆ ಕೇಳಬಾರದು. ನಾನು ಅಕ್ಕಿಡಬ್ಬದ ಮೇಲೆ ಕೂತು ಕಥೆ ಶುರುಮಾಡಿದೆ. ಗ್ರೀಕರ ಹೆಸರುಗಳು ನಾಲಗೆಗೆ ತೊಡರುವುದರಿಂದ ಅವರ ದೇವರ ಒಡೆಯನನ್ನು ದೇವೇಂದ್ರ ಎಂದೆ, ಕಥೆಯ ಇಬ್ಬರು ಸೋದರರನ್ನು ಅಣ್ಣ, ತಮ್ಮ ಎಂದೆ.

ಆಗ ಭೂಮಿಯ ಮೇಲೆ ಪ್ರಾಣಿಗಳೇ ಇರಲಿಲ್ಲ. ದೇವತೆಗಳು ಮಣ್ಣು ಬೆಂಕಿ ಕಲಸಿ, ನೆಲದ ಹೊಟ್ಟೆಯೊಳಗೆ ಎಲ್ಲ ಜೀವಗಳನ್ನೂ ಮಾಡಿಟ್ಟರು. ಅವು ಬೆಳಕಿಗೆ ಬರುವ ಮೊದಲು ಯಾರಿಗೆ ಯಾವ ಶಕ್ತಿ ಎಂದು ಹಂಚುವ ಕೆಲಸವನ್ನು ಈ ಇಬ್ಬರಿಗೆ ಒಪ್ಪಿಸಿದರು. ಅಣ್ಣನ ಹೆಸರಿಗೆ ಮೊದಲೇ ಯೋಚಿಸುವವನು ಎಂದು ಅರ್ಥ, ತಮ್ಮನ ಹೆಸರಿಗೆ ಆದಮೇಲೆ ಯೋಚಿಸುವವನು ಎಂದು. ತಮ್ಮ ಗೋಗರೆದ: ಹಂಚುವುದನ್ನು ನನಗೆ ಬಿಡು ಅಣ್ಣ, ಕೊನೆಗೆ ಬಂದು ನೀನು ನೋಡು. ಅಣ್ಣ ಒಪ್ಪಿದ. ತಮ್ಮ ಬಹಳ ಉತ್ಸಾಹದಿಂದ ಹಂಚಿದ. ಬಲವಿಲ್ಲದವಕ್ಕೆ ಓಟ ಕೊಟ್ಟ. ಚಿಕ್ಕವಕ್ಕೆ ರೆಕ್ಕೆ, ಇಲ್ಲವೇ ಬಿಲ. ಚಳಿಗೆ ತುಪ್ಪಳ, ಕಲ್ಲಿಗೆ ಗೊರಸು. ಬೇರೆಯವರ ಹೊಟ್ಟೆ ಸೇರುವ ಪ್ರಾಣಿಗಳಿಗೆ ಮನೆ ತುಂಬ ಮರಿ. ಹೀಗೆ ಹಂಚಿ ಹಂಚಿ ಕೊನೆಗೆ ನೋಡುತ್ತಾನೆ, ಮನುಷ್ಯ ಬಾಕಿ! ಬರಿಮೈ, ಬರಿಗಾಲು, ಪಂಜವಿಲ್ಲ, ಕೋರೆಯಿಲ್ಲ, ಮತ್ತು ಹಂಚುವ ಚೀಲ ಖಾಲಿ.

"ಅಯ್ಯೋ ದೇವರೇ," ಎಂದಳು ಕಮಲ. ರುಬ್ಬುವ ಕೈ ನಿಂತಿತ್ತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಭಟ್ಟರಿಗೆ ಸಿಟ್ಟು ಬಂದಿತ್ತು. "ಅವನನ್ನು ಯಾರು ಬಡಿಸ್ಲಿಕ್ಕೆ ಬಿಟ್ಟದ್ದು? ಕೊನೆಯ ಎಲೆ ಎಲ್ಲಿ ಉಂಟು ಅಂತ ನೋಡಿ ಅಲ್ವಾ ಮೊದಲ ಎಲೆಗೆ ಸೌಟು ಹಾಕುದು!"

ಅಣ್ಣ ಬಂದು ನೋಡಿ ದಿಕ್ಕುಗಾಣದೆ, ದೇವತೆಗಳ ಕಾರ್ಖಾನೆಗೆ ನುಗ್ಗಿ ಬೆಂಕಿಯನ್ನೂ ಕಸಬುಗಳನ್ನೂ ಕದ್ದು ಮನುಷ್ಯನಿಗೆ ಕೊಟ್ಟ. ಮನುಷ್ಯ ಅನ್ನ ಬೇಯಿಸಿದ, ಮನೆ ಕಟ್ಟಿದ, ಮಾತು ಕಲಿತ. ಆದರೆ ನಾಲ್ಕು ಜನ ಒಂದೆಡೆ ಸೇರಿದರೆ ಹೊಡೆದಾಟ. ಕುಲವೇ ಅಳಿದುಹೋದೀತೆಂದು ದೇವೇಂದ್ರ ತನ್ನ ದೂತನ ಕೈಲಿ ಎರಡು ವಸ್ತು ಕಳಿಸಿದ: ಲಜ್ಜೆ ಮತ್ತು ನ್ಯಾಯ. ದೂತ ಕೇಳಿದ, ವೈದ್ಯ ಊರಿಗೆ ಒಬ್ಬ ಇರುವ ಹಾಗೆ ಇವನ್ನೂ ಕೆಲವರಿಗೆ ಕೊಡಲೋ, ಎಲ್ಲರಿಗೂ ಕೊಡಲೋ? ಎಲ್ಲರಿಗೂ ಕೊಡು, ಕೆಲವರಿಗೆ ಮಾತ್ರ ಇದ್ದರೆ ಊರು ನಿಲ್ಲುವುದಿಲ್ಲ ಎಂದ ದೇವೇಂದ್ರ.

ಕಮಲ ಬೆರಳಿಗಂಟಿದ ಹೂರಣವನ್ನು ಒರಳಿನ ಅಂಚಿಗೆ ಒರೆಸಿದಳು. "ಲಜ್ಜೆ ಗಂಡಸರಿಗೂ ಕೊಟ್ರಾ ಮಾಷ್ಟ್ರೇ?"

"ಎಲ್ಲರಿಗೂ ಸಮ ಕಣಮ್ಮ."

"ಹಾಗಾದ್ರೆ ನನ್ನನ್ನು ನೋಡ್ಲಿಕ್ಕೆ ಬಂದವರು ಹಂಚುವ ದಿನ ರಜೆಯಲ್ಲಿದ್ರು ಕಾಣ್ತದೆ," ಎಂದು ಹೇಳಿ ಜೋರಾಗಿ ರುಬ್ಬತೊಡಗಿದಳು.

ಶುಕ್ರವಾರ, ಮೊದಲ ಪಂಕ್ತಿ

ಹನ್ನೊಂದಕ್ಕೆ ಬರಬೇಕಾದವರು ಬರಲಿಲ್ಲ. ಹೋಟೆಲಿನ ಫೋನಿಗೆ ಸುದ್ದಿ ಬಂತು. ಹೊರಡುವ ಹೊತ್ತಿಗೆ ಅಜ್ಜಿ ಪಂಚಾಂಗ ತೆಗೆದರಂತೆ, ರಾಹುಕಾಲ ಹನ್ನೆರಡರವರೆಗೆ ಇದೆಯಂತೆ, ಅದು ಕಳೆದ ಮೇಲೆಯೇ ಮಲಾಡಿನಲ್ಲಿ ಗಾಡಿ ಹತ್ತುವರಂತೆ. ಭಟ್ಟರು ಲೆಕ್ಕ ಹಾಕಿದರು. ಊಟಕ್ಕೆ ಕರೆದಿದ್ದ ಚಾಳಿನ ಇಪ್ಪತ್ತನಾಲ್ಕು ಜನ ಹಸಿದು ಕೂತಿದ್ದಾರೆ. ಅವರ ಪಂಕ್ತಿ ಮೊದಲು ಮುಗಿಸಿದರೆ, ಗಂಡಿನ ಕಡೆಯ ಒಂಬತ್ತು ಜನಕ್ಕೆ ಗ್ಯಾಲರಿಯಲ್ಲಿ ಆರಾಮವಾಗಿ ಬಡಿಸಬಹುದು. ಆದರೆ ಬಡಿಸುವವರು ಯಾರು? ಹೋಟೆಲಿನ ಆಳುಗಳು ಕೆಳಗೆ ರಜೆಯ ಗಿರಾಕಿಗಳ ನಡುವೆ ಸಿಕ್ಕಿಕೊಂಡಿದ್ದರು. ಭಟ್ಟರು ನೆಂಟರನ್ನು ಕರೆತರಲು ಸ್ಟೇಷನ್ನಿಗೆ ಹೋಗಬೇಕು. ಕಮಲನನ್ನು ಪಕ್ಕದ ಕೋಣೆಯಲ್ಲಿ ಹೆಂಗಸರು ಸಿಂಗರಿಸುತ್ತಿದ್ದರು.

"ನಾನು ಬಡಿಸ್ತೀನಿ ಭಟ್ರೇ," ಎಂದೆ.

"ಬೇಡಿ ಮಾಷ್ಟ್ರೇ. ಬಡಿಸುದು ಅಂದ್ರೆ ಪಾಠ ಮಾಡಿದ ಹಾಗೆ ಅಲ್ಲ."

"ನೀವು ಹೋಗಿ ಬನ್ನಿ. ಬಂದ ಮೇಲೆ ನೋಡಿ ಬೇಕಾದರೆ."

ಈ ಮಾತನ್ನು ಇದಕ್ಕೆ ಮೊದಲು ಯಾರು ಹೇಳಿದ್ದರು ಎಂದು ನನಗೆ ಆಗ ಹೊಳೆಯಲೇ ಇಲ್ಲ. ಹಿಂದಿನ ದಿನ ತಾನೇ ನಾನೇ ಹೇಳಿದ ಕಥೆ! ಪಂಚೆ ಎತ್ತಿಕಟ್ಟಿ ಹೊರಟೇಬಿಟ್ಟೆ.

ಬಡಿಸುವುದರಲ್ಲಿ ಎಂಥ ಸುಖವಿದೆ ಎಂದು ಆವತ್ತು ಗೊತ್ತಾಯಿತು. ಎಲೆಯ ಮುಂದೆ ಬಗ್ಗಿದರೆ ಸಾಕು, ಎಂಥ ದೊಡ್ಡ ಮನುಷ್ಯನೂ ಮುಖವೆತ್ತಿ ನಗುತ್ತಾನೆ. ಮೂರನೆಯ ಎಲೆಯ ಮುದುಕರಿಗೆ ಹಲ್ಲಿರಲಿಲ್ಲ. ಪಾಪ, ಅವರಿಗೆ ಅಂಬೊಡೆ ಏಕೆ? ಅದರ ಬದಲು ಪಾಯಸ ನಾಲ್ಕು ಸೌಟು. ಅಖಾಡಕ್ಕೆ ಹೋಗುವ ಪೈಲ್ವಾನನೊಬ್ಬ ಕೂತಿದ್ದ. ಅವನಿಗೆ ಮುದುಕರ ಪಾಲಿನ ಅಂಬೊಡೆಯೂ ಸೇರಿ ಹತ್ತು. ಬಾಣಂತಿಗೆ ತುಪ್ಪ. ಸಣಕಲು ಟೈಪಿಸ್ಟನಿಗೆ ಮೈ ತುಂಬಲೆಂದು ಆರು ಹೋಳಿಗೆ. ನಾಚಿಕೆಯಿಂದ ಸಾಕು ಎಂದವರಿಗೆ ಎರಡು, ಬೇಕು ಎಂದವರಿಗೆ ಅವರ ಪ್ರಾಮಾಣಿಕತೆಗೆ ಮೆಚ್ಚಿ ಮೂರು. ಒಬ್ಬೊಬ್ಬರ ಕೊರತೆಯನ್ನೂ ನೋಡಿ ತುಂಬಿಸುತ್ತ ಹೋದೆ. ಎಲ್ಲರೂ ತೇಗಿದರು, ಹರಸಿದರು. ಪೈಲ್ವಾನ ನನ್ನ ಬೆನ್ನಿಗೆ ಪ್ರೀತಿಯಿಂದ ಒಂದು ಗುದ್ದು ಕೊಟ್ಟಿದ್ದು ಇವತ್ತಿಗೂ ಮಳೆಗಾಲದಲ್ಲಿ ನೋಯುತ್ತದೆ.

ಎರಡನೆಯ ಪಂಕ್ತಿ

ಗಂಡಿನ ಕಡೆಯವರು ಬಂದರು. ಅಜ್ಜಿ ಕಡ್ಡಿಯಂತೆ ನೆಟ್ಟಗೆ, ಬಿಳಿ ಸೀರೆ. ಹುಡುಗ ಶ್ರೀನಿವಾಸ, ಕೋಟೆ ಎಂದು ಕರೆಯುವ ಪೇಟೆಯ ಯಾವುದೋ ಆಫೀಸಿನಲ್ಲಿ ಗುಮಾಸ್ತ, ಕನ್ನಡಕ, ಹೆಚ್ಚು ಮಾತಿಲ್ಲ. ಕೂತರು. ನಾನು ಉಪ್ಪು ಬಡಿಸಿಕೊಂಡು ಬಂದೆ.

"ಸಮುದ್ರ ದಾಟುವವರು ಇವರೇ ಅಂತೆ?" ಅಜ್ಜಿ ಭಟ್ಟರನ್ನು ಕೇಳಿದರು.

"ಇನ್ನೂ ದಾಟಿಲ್ಲ ಅಜ್ಜಿ. ಹಡಗು ಕೆಟ್ಟಿದೆ," ಎಂದೆ ನಾನೇ.

"ಹಾಗಾದ್ರೆ ಬಡಿಸಿ."

ನಗುತ್ತ ಒಳಗೆ ಬಂದು ಹೋಳಿಗೆಯ ಪಾತ್ರೆಯ ಮುಚ್ಚಳ ತೆಗೆದೆ. ಬಾಳೆಲೆಯ ಚೂರೊಂದು ತಳಕ್ಕೆ ಅಂಟಿಕೊಂಡಿತ್ತು. ಪಾಯಸದ ಪಾತ್ರೆಯಲ್ಲಿ ಒಂದು ದ್ರಾಕ್ಷಿ. ಚಿತ್ರಾನ್ನದ್ದರಲ್ಲಿ ನೆಲಗಡಲೆ ಮೂರು. ಹುಳಿಯ ಕೊಳದಪ್ಪಲೆಯನ್ನು ಬಗ್ಗಿಸಿ ನೋಡಿದರೆ ನನ್ನ ಮುಖವೇ ಕಂಡಿತು. ಹೊರಗೆ ಒಂಬತ್ತು ಎಲೆ, ಒಂಬತ್ತು ಚಿಟಿಕೆ ಉಪ್ಪು. ಪ್ರಪಂಚದ ಎರಡನೆಯ ತಮ್ಮ ನಾನು! ಆ ಮೊದಲನೆಯವನು ಕನಿಷ್ಠ ಯಾರ ಮದುವೆಯನ್ನೂ ಕೆಡಿಸಿರಲಿಲ್ಲ.

ಪಕ್ಕದ ಕೋಣೆಯಿಂದ ಕಮಲ ಬಂದಳು. ಹಸಿರು ಸೀರೆ, ಹೂವು. ಪಾತ್ರೆಗಳನ್ನು ಒಂದೊಂದಾಗಿ ನೋಡಿ, ನನ್ನನ್ನು ನೋಡಿ, ಗೋಡೆಗೆ ಒರಗಿದಳು. ಕಣ್ಣಲ್ಲಿ ನೀರು ತುಂಬಿತು.

"ಇದೇ ಕೊನೆ ಅಂದಿದ್ದೆ ಮಾಷ್ಟ್ರೇ," ಎಂದಳು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಿಮ್ಮ ಕಥೆಯಲ್ಲಿ ಮುಂದೆ ಬೆಂಕಿ ಅಲ್ವಾ? ಒಲೆ ಆರಿದೆ. ಓಡಿ, ಮೂಲೆಯ ಕೋಣೆಯ ಶಾಂತಾಬಾಯಿಯ ಶೇಗಡಿಯಿಂದ ಕೆಂಡ ತನ್ನಿ."

ಆಮೇಲೆ ಅವಳು ಮಾಡಿದ್ದನ್ನು ನಾನು ಯಾವ ದೇಶದಲ್ಲೂ ನೋಡಿಲ್ಲ. ಕರೆಯುವ ಮೊದಲು ಹೆಣ್ಣು ಹೊರಗೆ ಬರಬಾರದು. ನಾನು ಬೋಗುಣಿ ಹಿಡಿದು ಬಾಗಿಲು ದಾಟುವ ಮೊದಲೇ ಇವಳು ನೇರ ಗ್ಯಾಲರಿಗೆ ಹೋಗಿ ಎಲೆಗಳ ಮುಂದೆ ನಿಂತಳು.

"ಅಜ್ಜೀ, ಬಡಿಸಿದ್ದರಲ್ಲಿ ತಪ್ಪಾಗಿದೆ. ಒಳಗೆ ಏನೂ ಉಳಿದಿಲ್ಲ. ಒಂದು ಗಂಟೆ ಕೊಡಿ, ಹೊಸತಾಗಿ ಮಾಡ್ತೇನೆ. ಕಾಯ್ಲಿಕ್ಕೆ ಮನಸ್ಸಿಲ್ಲದಿದ್ರೆ ಈಗಲೇ ಹೇಳಿ."

ಭಟ್ಟರು ಬಿಳಿಚಿಕೊಂಡರು. ಅಜ್ಜಿಯ ಹುಬ್ಬು ಮೇಲೇರಿತು. "ಹೋಟೆಲಿನವರ ಮನೆಯಲ್ಲಿ ಅನ್ನ ಮುಗಿದದ್ದು ಇದೇ ಮೊದಲು ಕಾಣುದು ನಾನು."

ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು ಗ್ಯಾಲರಿಯುದ್ದಕ್ಕೂ ನಿಂತಿದ್ದ ಇಪ್ಪತ್ತನಾಲ್ಕು ಜನರೂ ಜಗಿಯುವುದನ್ನು ನಿಲ್ಲಿಸಿದರು. ಲಜ್ಜೆ ಎಂಬುದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದನ್ನು ನಾನು ಆಗ ಕಣ್ಣಾರೆ ಕಂಡೆ. ಮೊದಲು ಟೈಪಿಸ್ಟ್ ತಲೆ ತಗ್ಗಿಸಿದ. ಆರು ಹೋಳಿಗೆ ತಿಂದವನಲ್ಲವೇ! ಅವನು ತನ್ನ ಕೋಣೆಗೆ ಓಡಿ ರವೆಯ ಡಬ್ಬ ತಂದ. ಬಾಣಂತಿಯ ಅತ್ತೆ ತುಪ್ಪ ತಂದರು. ಪೈಲ್ವಾನ ಎರಡು ತೆಂಗಿನಕಾಯಿಗಳನ್ನು ಮೆಟ್ಟಿಲಿಗೆ ಕುಟ್ಟಿ ಒಡೆದ. ಹಲ್ಲಿಲ್ಲದ ಮುದುಕರು ಬಟಾಟೆ ಸುಲಿಯುತ್ತ ಕೂತರು. ಬೇಯಿಸಿದ್ದನ್ನು ಮಡಿಯವರಿಗೆ ಕೊಡುವಂತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಸಿಯದ್ದು ಕೊಡಬಹುದಲ್ಲ.

ಕೆಂಡ

ಶಾಂತಾಬಾಯಿ ತನ್ನ ಶೇಗಡಿಯ, ಅಂದರೆ ಇದ್ದಲೊಲೆಯ, ಮೇಲಿನ ಚಹಾ ಇಳಿಸಿ, "ಸಗಳಾಚ್ ಘ್ಯಾ ಮಾಸ್ತರ್!" ಎಲ್ಲವನ್ನೂ ಒಯ್ಯಿರಿ ಎಂದು ಮರಾಠಿಯಲ್ಲಿ ಹೇಳಿ ಇದ್ದಬದ್ದ ಕೆಂಡವನ್ನೆಲ್ಲ ಚಿಮುಟದಲ್ಲಿ ಎತ್ತಿ ಬೋಗುಣಿಗೆ ಹಾಕಿಕೊಟ್ಟರು. ಅದನ್ನು ಹಿಡಿದು ಗ್ಯಾಲರಿಯಲ್ಲಿ ಅಜ್ಜಿಯ ಮುಂದೆಯೇ ಹಾದುಬರಬೇಕಾಯಿತು. ಆಕೆ ಕೈ ಅಡ್ಡ ಹಿಡಿದರು. "ಎಲ್ಲಿಂದ ಇದು?"

"ಮೂಲೆಯ ಮನೆಯಿಂದ ಅಜ್ಜಿ. ಮಡಿಯದ್ದಲ್ಲ."

ಅಜ್ಜಿ ಬೋಗುಣಿಯೊಳಗೆ ಇಣುಕಿ, "ಕೆಂಡಕ್ಕೆ ಎಂತ ಮೈಲಿಗೆ? ಓಡಿ, ಆರ್ತದೆ," ಎಂದರು.

ಓಡಿದೆ. ಬೀಸಣಿಗೆ ಸಿಗಲಿಲ್ಲ. ಮೊಳೆಗೆ ನೇತುಹಾಕಿದ್ದ ಏಥೆನ್ಸಿನ ಕೋಟನ್ನೇ ಎಳೆದು ಒಲೆಗೆ ಬೀಸಿದೆ. ಇದ್ದಲು ಹೊತ್ತಿಕೊಂಡಿತು, ಕೋಟಿನ ತೋಳೂ ಹೊತ್ತಿಕೊಂಡಿತು. ಆ ತೂತನ್ನು ಹೊತ್ತುಕೊಂಡೇ ನಾನು ಆಮೇಲೆ ಗ್ರೀಸಿನ ದೊಡ್ಡ ದೊಡ್ಡ ಪಂಡಿತರ ಕೈಕುಲುಕಿದೆ.

ಅಷ್ಟರಲ್ಲಿ ಇನ್ನೊಂದು ಗದ್ದಲ. ಶ್ರೀನಿವಾಸ ಎಲೆಯ ಮುಂದಿನಿಂದ ಎದ್ದು ಅಂಗಿಯ ತೋಳು ಮಡಚುತ್ತಿದ್ದ.

"ಏಯ್, ಎಲ್ಲಿಗೆ ಹೋಗುದು ನೀನು?" ಅಜ್ಜಿ ಕೇಳಿದರು.

"ಕಾಯಿ ಹೆರೀಲಿಕ್ಕೆ ಅಜ್ಜಿ. ನೀವು ಊರಿಂದ ಬರುವ ಮೊದಲು ನಾಲ್ಕು ವರ್ಷ ಕೋಣೆಯಲ್ಲಿ ನಾನೇ ಅಲ್ವಾ ಅಡುಗೆ ಮಾಡಿದ್ದು."

ಅವನು ಒಳಗೆ ಬಂದು ಯಾರನ್ನೂ ನೋಡದೆ ಹೆರೆಮಣೆಯ ಮೇಲೆ ಕೂತ. ಕಮಲ ಅನ್ನಕ್ಕಿಟ್ಟಳು, ಬೇಳೆಗಿಟ್ಟಳು. ಇವನು ಹೆರೆದು ಕೊಟ್ಟದ್ದನ್ನು ಚಟ್ನಿಗೆ ರುಬ್ಬಿದಳು, ಬಟಾಟೆ ಪಲ್ಯ ಒಗ್ಗರಿಸಿದಳು. ಟೈಪಿಸ್ಟನ ರವೆ ತುಪ್ಪದಲ್ಲಿ ಘಮಘಮ ಹುರಿದು ಶಿರಾ ಆಯಿತು. ನಮ್ಮ ಮೈಸೂರಿನಲ್ಲಾದರೆ ಕೇಸರಿಭಾತು ಎಂದು ಹಳದಿ ಬಣ್ಣ ಹಾಕುತ್ತಿದ್ದೆವು. ಒಂದು ಗಂಟೆಯಲ್ಲಿ ಅವರಿಬ್ಬರು ಆಡಿದ ಮಾತು ಮೂರೇ. "ಉಪ್ಪು?" "ಹಾಕಿದ್ದೇನೆ." "ಸೌಟು ಎಲ್ಲಿ?"

ನಾನು ಸೌಟಿಗೆ ಕೈಚಾಚಿದೆ. ಭಟ್ಟರು ಅದನ್ನು ಕಿತ್ತುಕೊಂಡು ಶ್ರೀನಿವಾಸನ ಕೈಗೆ ಕೊಟ್ಟರು.

ಕೊನೆಯ ಎಲೆ

ಅಜ್ಜಿ ಎರಡನೆಯ ಸಲ ಶಿರಾ ಹಾಕಿಸಿಕೊಂಡರು. ಎಂಟು ಜನ ಉಂಡೆದ್ದರು. ನಾನು ಈ ಸಲವಾದರೂ ಬುದ್ಧಿಯಿರಲಿ ಎಂದು ಒಳಗೆ ಹೋಗಿ ಪಾತ್ರೆಗಳನ್ನು ನೋಡಿದೆ. ಮತ್ತೆ ತಳ! ಭಟ್ಟರು, ಶ್ರೀನಿವಾಸ, ನಾನು ಕೆಳಗೆ ಹೋಟೆಲಿನಲ್ಲಿ ಏನಾದರೂ ತಿಂದೇವು. ಆದರೆ ಬೆಳಗಿನಿಂದ ಒಲೆಯ ಮುಂದಿದ್ದ ಕಮಲ? ಎರಡು ಪಂಕ್ತಿಗೆ ಅಡುಗೆ ಮಾಡಿದವಳು ಒಂದು ಲೋಟ ಕಾಫಿಯ ಮೇಲೆ ನಿಂತಿದ್ದಳು. ಮೊದಲ ಪಂಕ್ತಿಯಲ್ಲಿ ನಾನು ಅಷ್ಟೊಂದು ಜನರ ಕೊರತೆ ನೋಡಿ ನೋಡಿ ಬಡಿಸಿದೆನಲ್ಲ, ಅವಳ ನೆನಪು ಒಮ್ಮೆಯೂ ಬಂದಿರಲಿಲ್ಲ. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

"ಹುಡುಗಿ ಉಂಡ್ಲಾ?" ಹೊರಗಿನಿಂದ ಅಜ್ಜಿ ಕೇಳಿದರು.

ಶ್ರೀನಿವಾಸ ಅಕ್ಕಿಡಬ್ಬದ ಹಿಂದಕ್ಕೆ ಬಗ್ಗಿ, ಇನ್ನೊಂದು ಎಲೆಯಿಂದ ಮುಚ್ಚಿದ್ದ ಎಲೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮಣೆಯ ಮುಂದೆ ಇಟ್ಟ. ಮೇಲಿನ ಎಲೆ ಸರಿಸಿದ. ಅನ್ನ, ತೊವ್ವೆ, ಪಲ್ಯ, ಚಟ್ನಿ, ಶಿರಾ, ತುದಿಯಲ್ಲಿ ಉಪ್ಪು.

"ಮೊದಲು ಇದನ್ನು ತೆಗೆದಿಟ್ಟೇ ಹೊರಗೆ ಬಡಿಸಿದ್ದು," ಎಂದ, ಕನ್ನಡಕ ಒರೆಸಿಕೊಳ್ಳುತ್ತ.

ಕಮಲ ಎಲೆಯನ್ನು ನೋಡಿದಳು, ಅವನನ್ನು ನೋಡಿದಳು. ಕೂತಳು. ಬಾಗಿಲಲ್ಲಿ ಅಜ್ಜಿ, ಅಜ್ಜಿಯ ಹಿಂದೆ ಇಡೀ ಚಾಳು. ಯಾರು ನೋಡುತ್ತಿದ್ದಾರೆ ಎಂಬ ಪರಿವೆಯಿಲ್ಲದೆ, ಅವಸರವಿಲ್ಲದೆ ಅವಳು ಉಂಡಳು. ಅರ್ಧ ಊಟವಾದ ಮೇಲೆ, ಯಾರೂ ಕೇಳುವ ಮೊದಲೇ, ತಲೆಯೆತ್ತಿ, "ಅಜ್ಜೀ, ನನಗೆ ಒಪ್ಪಿಗೆ," ಎಂದಳು.

ಹೆಣ್ಣು ಹಾಗೆ ತಾನಾಗಿ ಹೇಳುವುದುಂಟೇ? ಭಟ್ಟರು ಗೋಡೆ ಹಿಡಿದು ಕೂತು ಗಳಗಳ ಅತ್ತರು. ನನಗೂ ಅಳು ತಡೆಯಲಿಲ್ಲ, ಅದರ ನಡುವೆಯೇ ನಗುವೂ ಬಂತು. ಅಜ್ಜಿ ಅವಳನ್ನು ನೋಡಿ, "ನಮ್ಮ ಒಪ್ಪಿಗೆ ಕೇಳ್ಲಿಕ್ಕೆ ಬಾಕಿ ಇಡ್ಲಿಲ್ಲ ನೀನು. ಸರಿ, ಉಣ್ಣು," ಎಂದು ನಕ್ಕುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಹಡಗು ಹೊರಡದಿದ್ರೆ ಮದುವೆಗೆ ಬನ್ನಿ ಮಾಷ್ಟ್ರೇ. ಆದ್ರೆ ಉಣ್ಲಿ‌ಕ್ಕೆ ಮಾತ್ರ."